ಶಿಶುಮೌನದ ಅರ್ಥವನ್ನರಸಿದ ವೈದ್ಯ: ಡಾ. ಲಿಯೊ ಕ್ಯಾನರ್

ಎಳೆಯ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರ ಅನುಭವದಲ್ಲಿ ಒಮ್ಮೆಯಾದರೂ ಎದುರಾಗುವ ಒಂದು ಬಗೆಯ ಮಗುವುಂಟು. ಹೆಸರು ಹಿಡಿದು ಕರೆದರೆ ಅದು ತಿರುಗಿ ನೋಡುವುದಿಲ್ಲ. ಆದರೆ ದೂರದ ಬೀದಿಯಲ್ಲಿ ಲಾರಿಯ ಸದ್ದಾದರೆ ಕಿವಿ ಮುಚ್ಚಿಕೊಂಡು ಚೀರುತ್ತದೆ. ಓರಗೆಯ ಮಕ್ಕಳು ಆಟವಾಡುತ್ತಿರುವಾಗ ತಾನೊಬ್ಬನೇ ಮೂಲೆಯಲ್ಲಿ ಕುಳಿತು ಬುಗುರಿಯಂತೆ ಏನನ್ನಾದರೂ ತಿರುಗಿಸುತ್ತಿರುತ್ತದೆ. ದಿನವೂ ಕುಳಿತುಕೊಳ್ಳುವ ಜಾಗದಲ್ಲಿ ಬೇರೊಬ್ಬರು ಕುಳಿತರೆ ಆ ದಿನವೆಲ್ಲ ಅದಕ್ಕೆ ಸಮಾಧಾನವಿಲ್ಲ. ಇಂಥ ಮಗುವನ್ನು ಒಂದು ಕಾಲಕ್ಕೆ ಕಿವುಡು ಎಂದರು, ಮೊಂಡು ಎಂದರು, ಬುದ್ಧಿಯಿಲ್ಲದ್ದು ಎಂದರು; ಕಡೆಗೆ ಹೆತ್ತವಳ ದೋಷವೇ ಇದಕ್ಕೆ ಕಾರಣವೆಂದೂ ಹೇಳಿದರು. ಈ ಸ್ಥಿತಿಗೆ ಸ್ವಲೀನತೆ ಅಥವಾ ಆಟಿಸಂ ಎಂಬ ಹೆಸರು ವೈದ್ಯಶಾಸ್ತ್ರದಲ್ಲಿ ನೆಲೆಗೊಂಡುದು ಡಾ. ಲಿಯೊ ಕ್ಯಾನರರಿಂದ. ಅವರ ಜೀವನದಲ್ಲಿ ಮಹತ್ತರವಾದ ಸಾಧನೆಯುಂಟು. ಸಾವಿರಾರು ತಾಯಂದಿರ ಕಣ್ಣೀರಿಗೆ ಕಾರಣವಾದ ಪ್ರಮಾದವೂ ಉಂಟು. ಮಕ್ಕಳ ಶಿಕ್ಷಣವನ್ನೇ ಕಾಯಕವಾಗಿಸಿಕೊಂಡವರಿಗೆ ಇವೆರಡೂ ಪಾಠವಾಗಬಲ್ಲವು.

ಕ್ಯಾನರರು ಹುಟ್ಟಿದ್ದು 1894ರ ಜೂನ್ 13ರಂದು, ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯಾ ಪ್ರಾಂತದ ಬ್ರಾಡಿ ಪಟ್ಟಣದ ಬಳಿಯ ಕ್ಲೆಕೊಟೊವ್ ಎಂಬ ಸಣ್ಣ ಹಳ್ಳಿಯಲ್ಲಿ. ಆ ಪ್ರದೇಶ ಇಂದು ಯುಕ್ರೇನ್ ದೇಶದಲ್ಲಿದೆ. ಅವರದು ಸಂಪ್ರದಾಯಸ್ಥ ಯೆಹೂದಿ ಮನೆತನ. ಹನ್ನೆರಡರ ಪ್ರಾಯದಲ್ಲಿಯೇ ವಿದ್ಯಾಭ್ಯಾಸಕ್ಕಾಗಿ ಬರ್ಲಿನ್ನಿನಲ್ಲಿದ್ದ ಬಂಧುಗಳ ಮನೆ ಸೇರಿದ ಬಾಲಕನಿಗೆ ಅಂದು ಇದ್ದ ಹಂಬಲವೆಂದರೆ ಕವಿಯಾಗಬೇಕೆಂಬುದು. ಅವರು ಬರೆದ ಕವಿತೆಗಳನ್ನು ಪ್ರಕಟಿಸಲು ಯಾರೂ ಮುಂದೆ ಬರಲಿಲ್ಲ. 1913ರಲ್ಲಿ ಪ್ರೌಢವಿದ್ಯಾಭ್ಯಾಸ ಮುಗಿಸಿ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದರು. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಗಿ, ಆಸ್ಟ್ರಿಯಾದ ಸೈನ್ಯದ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಬೇಕಾಯಿತು. ಯುದ್ಧಾನಂತರ ಓದನ್ನು ಮುಂದುವರಿಸಿ 1921ರಲ್ಲಿ ವೈದ್ಯ ಪದವಿಯನ್ನು ಪಡೆದರು. ಅದೇ ವರ್ಷ ವಿವಾಹವೂ ಆಯಿತು. ಬರ್ಲಿನ್ನಿನ ಸುಪ್ರಸಿದ್ಧ ಶಾರಿಟೆ ಆಸ್ಪತ್ರೆಯಲ್ಲಿ ಅವರು ಕೈಗೊಂಡದ್ದು ಹೃದಯದ ಬಡಿತವನ್ನು ಯಂತ್ರದಿಂದ ಅಳೆಯುವ ಕೆಲಸ. ಮನಶ್ಶಾಸ್ತ್ರದ ಕಡೆಗೆ ಆಗ ಅವರ ದೃಷ್ಟಿ ಹರಿದಿರಲಿಲ್ಲ.

ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಹಣದುಬ್ಬರ ಮಿತಿಮೀರಿ, ಬೆಳಗಿನ ಸಂಬಳ ಸಂಜೆಗೆ ರೊಟ್ಟಿ ಕೊಳ್ಳಲೂ ಸಾಲದಂತಾದ ಕಾಲವದು. ಪರಿಚಯದ ಅಮೆರಿಕನ್ ವೈದ್ಯರೊಬ್ಬರ ನೆರವಿನಿಂದ ಕ್ಯಾನರರು 1924ರಲ್ಲಿ ಪತ್ನಿ ಮತ್ತು ಹಸುಗೂಸಿನೊಂದಿಗೆ ಅಮೆರಿಕೆಗೆ ಹೊರಟು, ದಕ್ಷಿಣ ಡಕೋಟಾದ ಯಾಂಕ್ಟನ್ ಎಂಬ ಊರಿನಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾದರು. ಹೊಟ್ಟೆಪಾಡಿಗಾಗಿ ಕೈಗೊಂಡ ಈ ವಲಸೆಯೇ ಅವರ ಜೀವವನ್ನುಳಿಸಿತು. ಮುಂದೆ ಹಿಟ್ಲರನ ಆಳ್ವಿಕೆಯಲ್ಲಿ ಬರ್ಲಿನ್ನಿನ ಯೆಹೂದಿಗಳಿಗೂ ಗಲೀಷಿಯಾದ ಯೆಹೂದಿಗಳಿಗೂ ಒದಗಿದ ಗತಿ ಜಗತ್ತಿಗೆ ತಿಳಿದದ್ದೇ. ತಮ್ಮ ಕವಿತೆಗಳು ಅಂದು ಅಚ್ಚಾಗಿದ್ದರೆ ತಾವು ಯೂರೋಪಿನಲ್ಲಿಯೇ ಉಳಿದು ಅಳಿದುಹೋಗುತ್ತಿದ್ದೆವೆಂದು ಅವರು ವೃದ್ಧಾಪ್ಯದಲ್ಲಿ ನೆನೆಯುತ್ತಿದ್ದುದುಂಟು.

ಯಾಂಕ್ಟನ್ನಿನ ಆಸ್ಪತ್ರೆಯಲ್ಲಿ ಗುರುವಿಲ್ಲದೆಯೇ, ರೋಗಿಗಳನ್ನೇ ಗುರುಗಳನ್ನಾಗಿ ಮಾಡಿಕೊಂಡು, ಕ್ಯಾನರರು ಮನೋವೈದ್ಯವನ್ನು ಕಲಿತರು. ಪರಭಾಷೆಯಾದ ಇಂಗ್ಲಿಷಿನ ಮೇಲೆ ಪ್ರಭುತ್ವ ಪಡೆದು ಲೇಖನಗಳನ್ನೂ ಬರೆಯತೊಡಗಿದರು. ನಾನಾ ಜನಾಂಗಗಳಲ್ಲಿ ಹಲ್ಲಿನ ಕುರಿತು ಪ್ರಚಲಿತವಾಗಿರುವ ಜಾನಪದ ನಂಬಿಕೆಗಳನ್ನು ಸಂಗ್ರಹಿಸಿದ ಅವರ ಒಂದು ಗ್ರಂಥ 1928ರಲ್ಲಿ ಹೊರಬಂದಿತು. ಅದೇ ವರ್ಷ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದ ಅಡಾಲ್ಫ್ ಮೇಯರರು ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ರೋಗದ ಹೆಸರಿಗಿಂತ ರೋಗಿಯ ಸಮಗ್ರ ಜೀವನವನ್ನು ವಿವರವಾಗಿ ಬರೆದಿಟ್ಟುಕೊಳ್ಳಬೇಕೆಂಬುದು ಮೇಯರರ ಪದ್ಧತಿ. ಈ ಶಿಕ್ಷಣ ಕ್ಯಾನರರ ಮುಂದಿನ ಕಾರ್ಯಕ್ಕೆ ತಳಹದಿಯಾಯಿತು.

1930ರಲ್ಲಿ ಮೇಯರರೂ ಮಕ್ಕಳ ವಿಭಾಗದ ಮುಖ್ಯಸ್ಥರಾದ ಎಡ್ವರ್ಡ್ ಪಾರ್ಕರೂ ಕೂಡಿ, ಮಕ್ಕಳ ಆಸ್ಪತ್ರೆಯೊಳಗೇ ಮನೋವೈದ್ಯ ಶಾಖೆಯೊಂದನ್ನು ತೆರೆಯುವ ಹೊಣೆಯನ್ನು ಕ್ಯಾನರರಿಗೆ ವಹಿಸಿದರು. ಜ್ವರ, ಕೆಮ್ಮುಗಳಿಗೆ ಔಷಧ ಕೊಡುವ ಕಟ್ಟಡದಲ್ಲಿಯೇ ಮಗುವಿನ ಮನಸ್ಸಿಗೂ ಒಬ್ಬ ವೈದ್ಯನಿರಬೇಕೆಂಬುದು ಅಂದಿಗೆ ಹೊಸ ಕಲ್ಪನೆ. ಐದು ವರ್ಷಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ 1935ರಲ್ಲಿ ಅವರು ಪ್ರಕಟಿಸಿದ ಮಕ್ಕಳ ಮನೋವೈದ್ಯ ಶಾಸ್ತ್ರದ ಪಠ್ಯವು ಆ ವಿಷಯದಲ್ಲಿ ಇಂಗ್ಲಿಷಿನ ಮೊದಲ ಪಠ್ಯಗ್ರಂಥವೆಂದು ಹೆಸರಾಗಿದೆ. ಅದು ಮತ್ತೆ ಮತ್ತೆ ಪರಿಷ್ಕರಣಗೊಂಡು ದಶಕಗಳ ಕಾಲ ಬಳಕೆಯಲ್ಲಿತ್ತು.

ಆ ದಿನಗಳಲ್ಲಿ ಅವರು ಕೈಗೊಂಡ ಇನ್ನೊಂದು ಕಾರ್ಯವನ್ನು ಇಲ್ಲಿ ಹೇಳದಿರಲಾಗದು. ಬಾಲ್ಟಿಮೋರಿನ ಸಮೀಪದಲ್ಲಿ ರೋಸ್‌ವುಡ್ ಎಂಬ ಸರ್ಕಾರಿ ಸಂಸ್ಥೆಯಿತ್ತು. ಬುದ್ಧಿಶಕ್ತಿ ಕುಂಠಿತರಾದ ಮಕ್ಕಳನ್ನೂ ಯುವಜನರನ್ನೂ ಅಲ್ಲಿ ಇರಿಸುತ್ತಿದ್ದರು. ಬಂಧನದಿಂದ ಬಿಡುಗಡೆ ಮಾಡುವ ನ್ಯಾಯಾಲಯದ ಆಜ್ಞೆಯನ್ನು ನೆಪವಾಗಿಸಿಕೊಂಡು, ಅನೇಕ ವರ್ಷಗಳ ಅವಧಿಯಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿಂದ ಹೊರತಂದು, ಸಿರಿವಂತರ ಮನೆಗಳಲ್ಲಿ ಬಿಟ್ಟಿ ಚಾಕರಿಗೆ ಹಚ್ಚಲಾಗಿತ್ತು. ಹೆಚ್ಚಿನವರು ಹೆಣ್ಣುಮಕ್ಕಳು. ಕೆಲಸ ಸಾಕಾದಾಗ ಯಜಮಾನಿತಿಯರು ಅವರನ್ನು ಹೊರಗಟ್ಟುತ್ತಿದ್ದರು. ಕ್ಯಾನರರು ಸಮಾಜಸೇವಾ ಕಾರ್ಯಕರ್ತೆಯೊಬ್ಬರ ನೆರವಿನಿಂದ ಆ ನತದೃಷ್ಟರನ್ನು ಒಬ್ಬೊಬ್ಬರನ್ನಾಗಿ ಹುಡುಕಿಸಿದಾಗ ಕೆಲವರು ತೀರಿಕೊಂಡಿದ್ದರು, ಕೆಲವರು ಕ್ಷಯ ಮೊದಲಾದ ರೋಗಗಳಿಗೆ ತುತ್ತಾಗಿದ್ದರು, ಹಲವರು ಬೀದಿಪಾಲಾಗಿದ್ದರು. 1937ರಲ್ಲಿ ಅಮೆರಿಕದ ಮನೋವೈದ್ಯರ ವಾರ್ಷಿಕ ಸಮ್ಮೇಳನದಲ್ಲಿ ಈ ವೃತ್ತಾಂತವನ್ನು ಅವರು ಬಹಿರಂಗಗೊಳಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು. ಹಿಟ್ಲರನ ಹಿಂಸೆಯಿಂದ ಪಾರಾಗಿ ಬಂದ ಅನೇಕ ವೈದ್ಯರಿಗೆ ಅಮೆರಿಕದಲ್ಲಿ ನೆಲೆ ದೊರಕಿಸಿಕೊಡುವ ಕೆಲಸದಲ್ಲಿಯೂ ಅದೇ ವರ್ಷಗಳಲ್ಲಿ ಅವರು ತೊಡಗಿದ್ದರು.

ಇಂಥ ಸಮಯದಲ್ಲಿ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಊರಿನಿಂದ ಅವರಿಗೆ ಒಂದು ಸುದೀರ್ಘವಾದ ಪತ್ರ ಬಂದಿತು. ಬರೆದವರು ಒಬ್ಬ ನ್ಯಾಯವಾದಿ. ಬೆರಳಚ್ಚು ಮಾಡಿದ ಆ ಪತ್ರದ ಪುಟಗಳು 33. ಅವರ ಮಗ ಡೊನಾಲ್ಡ್ ಟ್ರಿಪ್ಲೆಟ್ 1933ರಲ್ಲಿ ಹುಟ್ಟಿದವನು. ಒಂದು ವರ್ಷದ ಕೂಸಾಗಿದ್ದಾಗಲೇ ಕೇಳಿದ ರಾಗಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದನು, ಎರಡು ತುಂಬುವಷ್ಟರಲ್ಲಿ ಪ್ರಾರ್ಥನೆಗಳನ್ನೂ ಪ್ರಶ್ನೋತ್ತರಗಳನ್ನೂ ಬಾಯಿಪಾಠ ಒಪ್ಪಿಸುತ್ತಿದ್ದನು, ನೂರರವರೆಗೆ ಎಣಿಸುತ್ತಿದ್ದನು. ಆದರೆ ತಂದೆ ಮನೆಗೆ ಬಂದರೆ ತಲೆಯೆತ್ತಿ ನೋಡುತ್ತಿರಲಿಲ್ಲ. ತಾಯಿ ಎತ್ತಿಕೊಂಡರೆ ಒರಗುತ್ತಿರಲಿಲ್ಲ. ದುಂಡಗಿನ ವಸ್ತು ಸಿಕ್ಕರೆ ನೆಲದ ಮೇಲೆ ತಿರುಗಿಸುತ್ತ ಹಿಗ್ಗುತ್ತಿದ್ದನು. ಯಾರಾದರೂ ತಡೆದರೆ ರಂಪ ಮಾಡುತ್ತಿದ್ದನು. ವೈದ್ಯರ ಸಲಹೆಯಂತೆ 1937ರಲ್ಲಿ, ಇನ್ನೂ ನಾಲ್ಕು ತುಂಬದ ಆ ಮಗುವನ್ನು ಮನೆಯಿಂದ ಬೇರ್ಪಡಿಸಿ ದೂರದ ಆರೋಗ್ಯಧಾಮವೊಂದರಲ್ಲಿ ಇರಿಸಲಾಗಿತ್ತು. ಸುಮಾರು ಒಂದು ವರ್ಷದ ತರುವಾಯ, ಅಲ್ಲಿನವರ ಮಾತನ್ನು ಮೀರಿ, ತಂದೆತಾಯಿಗಳು ಮಗನನ್ನು ಮನೆಗೆ ಕರೆತಂದರು. 1938ರ ಅಕ್ಟೋಬರಿನಲ್ಲಿ ಕ್ಯಾನರರು ಡೊನಾಲ್ಡನನ್ನು ಮೊದಲ ಬಾರಿಗೆ ನೋಡಿದರು.

ಬಾಲ್ಟಿಮೋರಿನಲ್ಲಿ ಮಗುವನ್ನು ಪರೀಕ್ಷಿಸಿದವರಲ್ಲಿ ಗೆಯೋರ್ಗ್ ಫ್ರಾಂಕ್ಲ್ ಎಂಬವರೂ ಇದ್ದರು. ವಿಯೆನ್ನಾದ ಮಕ್ಕಳ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿ, ಕ್ಯಾನರರ ನೆರವಿನಿಂದ ಅಮೆರಿಕೆಗೆ ಬಂದಿದ್ದ ಯೆಹೂದಿ ವೈದ್ಯರವರು. ಡೊನಾಲ್ಡನ ಸ್ಥಿತಿಗೆ ತಮ್ಮ ಪಠ್ಯಗ್ರಂಥದಲ್ಲಿ ಹೆಸರಿಲ್ಲವೆಂಬುದು ಕ್ಯಾನರರಿಗೆ ಸ್ಪಷ್ಟವಾಯಿತು. ಇದ್ದ ಹೆಸರುಗಳಲ್ಲೊಂದನ್ನು ಆ ಮಗುವಿಗೆ ಅಂಟಿಸಿ ಕಳುಹಿಸುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಇಂಥವೇ ಲಕ್ಷಣಗಳುಳ್ಳ ಬೇರೆ ಮಕ್ಕಳು ಬರುವವರೆಗೆ ಕಾದರು, ನೋಡಿದರು, ಬರೆದಿಟ್ಟುಕೊಂಡರು. 1943ರಲ್ಲಿ ಎಂಟು ಗಂಡುಮಕ್ಕಳು ಮತ್ತು ಮೂರು ಹೆಣ್ಣುಮಕ್ಕಳು, ಹೀಗೆ ಹನ್ನೊಂದು ಮಕ್ಕಳ ವೃತ್ತಾಂತವನ್ನೊಳಗೊಂಡ ಪ್ರಬಂಧವನ್ನು ಪ್ರಕಟಿಸಿದರು.

ಆ ಪ್ರಬಂಧದಲ್ಲಿ ಕ್ಯಾನರರು ಗುರುತಿಸಿದ ಲಕ್ಷಣಗಳು ಇಂದಿಗೂ ಉಪಯುಕ್ತವಾಗಿವೆ. ಮೊದಲನೆಯದು ಒಂಟಿತನ. ಸಾಮಾನ್ಯವಾಗಿ ನಾಲ್ಕಾರು ತಿಂಗಳ ಕೂಸು ಎತ್ತಿಕೊಳ್ಳಲು ಬಂದವರನ್ನು ಕಂಡೊಡನೆ ಮೈಯನ್ನು ಮುಂದಕ್ಕೆ ತಂದು ಕೈ ಚಾಚುತ್ತದೆ. ಈ ಮಕ್ಕಳಲ್ಲಿ ಆ ಸಿದ್ಧತೆ ಕಾಣಲಿಲ್ಲ. ಕೊಠಡಿಗೆ ಬಂದರೆ ಅವರ ಗಮನ ಮನುಷ್ಯರ ಮೇಲಲ್ಲ, ವಸ್ತುಗಳ ಮೇಲೆ. ಎರಡನೆಯದು ಭಾಷೆ. ಹನ್ನೊಂದರಲ್ಲಿ ಮೂವರಿಗೆ ಮಾತೇ ಬಂದಿರಲಿಲ್ಲ. ಉಳಿದವರಿಗೆ ಮಾತು ಬಂದಿದ್ದರೂ ಅದು ಇನ್ನೊಬ್ಬರಿಗೆ ಏನನ್ನಾದರೂ ತಿಳಿಸುವ ಸಾಧನವಾಗಿರಲಿಲ್ಲ. ಕೇಳಿದ ಮಾತನ್ನು ಹಾಗೆಯೇ ಮರಳಿ ಹೇಳುವುದು. ತನ್ನನ್ನು ಕುರಿತು ನೀನು ಎಂದು ಹೇಳಿಕೊಳ್ಳುವುದು. ನಿನಗೆ ಹಾಲು ಬೇಕೇ ಎಂದು ತಾಯಿ ಕೇಳಿದ್ದನ್ನು ನೆನಪಿಟ್ಟುಕೊಂಡ ಮಗು, ತನಗೆ ಹಾಲು ಬೇಕಾದಾಗ ಅದೇ ಪ್ರಶ್ನೆಯನ್ನು ಅದೇ ಧ್ವನಿಯಲ್ಲಿ ಹೇಳಿದಂತೆ. ಮೂರನೆಯದು ಎಲ್ಲವೂ ಇದ್ದಂತೆಯೇ ಇರಬೇಕೆಂಬ ಕಾತರ. ನಡೆವ ದಾರಿ, ಸಾಮಾನು ಇಟ್ಟ ಕ್ರಮ, ಊಟದ ವಿಧಾನ ಇವುಗಳಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ತಡೆಯಲಾರದ ಸಂಕಟ. ಇವುಗಳೊಂದಿಗೆ ಕಸ ಹೀರುವ ಯಂತ್ರದಂಥವುಗಳ ಸದ್ದಿಗೆ ಮಿತಿಮೀರಿದ ಭಯ, ಆಹಾರದ ವಿಷಯದಲ್ಲಿ ತೊಂದರೆ, ಅಸಾಧಾರಣವಾದ ಕಂಠಪಾಠಶಕ್ತಿ. ಹಲವರನ್ನು ಮೊದಲು ಕಿವುಡರೆಂದು ಭಾವಿಸಲಾಗಿತ್ತು.

ಆಟಿಸಂ ಎಂಬ ಶಬ್ದವನ್ನು ಕ್ಯಾನರರು ಹೊಸದಾಗಿ ಸೃಷ್ಟಿಸಿದವರಲ್ಲ. ತಾನು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದನ್ನು ರೂಪಿಸಿದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಒಯ್ಗೆನ್ ಬ್ಲಾಯ್ಲರ್. ಚಿತ್ತವಿಕಲತೆಯುಳ್ಳ ವಯಸ್ಕರು ಹೊರಜಗತ್ತಿನಿಂದ ತಮ್ಮೊಳಗೆ ಹಿಂಜರಿಯುವ ಸ್ಥಿತಿಗೆ ಅವರು ಆ ಹೆಸರನ್ನಿಟ್ಟಿದ್ದರು. ಇಲ್ಲಿನ ಭೇದವನ್ನು ಕ್ಯಾನರರು ಸ್ಪಷ್ಟಪಡಿಸಿದರು: ಈ ಮಕ್ಕಳು ಜನರ ಸಂಗವನ್ನು ಅನುಭವಿಸಿ ಅದರಿಂದ ಹಿಂದೆ ಸರಿದವರಲ್ಲ, ಮೊದಲಿನಿಂದಲೂ ಹಾಗಿದ್ದವರು. ಆದ್ದರಿಂದ ಇದು ಹುಟ್ಟಿನಿಂದಲೇ ಬಂದ ಸ್ಥಿತಿಯೆಂದು ಪ್ರಬಂಧದ ಕೊನೆಯಲ್ಲಿ ತೀರ್ಮಾನಿಸಿದರು. ಮರುವರ್ಷ ಇದಕ್ಕೆ ಶೈಶವದ ಸ್ವಲೀನತೆ ಎಂಬರ್ಥದ ಹೆಸರನ್ನು ಕೊಟ್ಟರು. ಇತಿಹಾಸದ ದೃಷ್ಟಿಯಿಂದ ಇನ್ನಿಬ್ಬರನ್ನೂ ಸ್ಮರಿಸುವುದು ನ್ಯಾಯ. ಮಾಸ್ಕೋದಲ್ಲಿ ಗ್ರೂನ್ಯಾ ಸುಖಾರೆವಾ ಎಂಬ ವೈದ್ಯೆ ಇಂಥವೇ ಲಕ್ಷಣಗಳಿದ್ದ ಆರು ಹುಡುಗರನ್ನು 1925ರಷ್ಟು ಹಿಂದೆಯೇ ವರ್ಣಿಸಿದ್ದರು. ವಿಯೆನ್ನಾದ ಹಾನ್ಸ್ ಆಸ್ಪರ್ಗರರ ಪ್ರಬಂಧ 1944ರಲ್ಲಿ ಪ್ರಕಟವಾಯಿತು.

ಈ ಸಂಶೋಧನೆ ನಡೆಯುತ್ತಿದ್ದ ವರ್ಷಗಳು ಎಂಥವೆಂಬುದನ್ನು ಮರೆಯಬಾರದು. ಜರ್ಮನಿಯಲ್ಲಿ ಅಂಗವಿಕಲ ಮಕ್ಕಳನ್ನು ಸರ್ಕಾರವೇ ಕೊಲ್ಲಿಸುತ್ತಿತ್ತು. ವಿಯೆನ್ನಾದ ಆಮ್ ಷ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಯಲ್ಲಿ ನೂರಾರು ಮಕ್ಕಳು ಹೀಗೆ ಸತ್ತರು. ಆ ಸಂಸ್ಥೆಗೆ ಆಸ್ಪರ್ಗರರೂ ಮಕ್ಕಳನ್ನು ಕಳುಹಿಸಿದ್ದರೆಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಹೊರಬಿದ್ದಿದೆ. ಅಮೆರಿಕದಲ್ಲಿಯೂ ಫಾಸ್ಟರ್ ಕೆನೆಡಿ ಎಂಬ ಪ್ರಸಿದ್ಧ ನರರೋಗ ತಜ್ಞರು, ತೀವ್ರವಾದ ಬುದ್ಧಿವೈಕಲ್ಯವುಳ್ಳ ಮಕ್ಕಳಿಗೆ ದಯಾಮರಣವೇ ಲೇಸೆಂದು ವಾದಿಸಿದ್ದರು. ಅಮೆರಿಕದ ಮನೋವೈದ್ಯರ ಮುಖಪತ್ರಿಕೆಯ 1942ರ ಒಂದೇ ಸಂಚಿಕೆಯಲ್ಲಿ ಅವರ ವಾದವೂ ಅದನ್ನು ವಿರೋಧಿಸಿದ ಕ್ಯಾನರರ ಲೇಖನವೂ ಅಚ್ಚಾದವು. ಬುದ್ಧಿಯ ಅಳತೆಗೋಲಿನಿಂದ ಮನುಷ್ಯನ ಬೆಲೆ ಕಟ್ಟುವುದು ವಿದ್ಯಾವಂತರ ಅಹಂಕಾರವೆಂದು ಅವರು ಬರೆದರು. ಬೀದಿಯ ಕಸವೆತ್ತುವವರೂ ಹೊಲದಲ್ಲಿ ದುಡಿಯುವವರೂ ಇಲ್ಲದಿದ್ದರೆ ಪಂಡಿತರ ಬದುಕು ಒಂದು ದಿನವೂ ನಡೆಯದೆಂಬುದನ್ನು ನೆನಪಿಸಿದರು. ಆ ಕಾಲದಲ್ಲಿ ವಲಸೆ ಬಂದ ಯೆಹೂದಿ ವೈದ್ಯರೊಬ್ಬರು ಹೀಗೆ ಬರೆಯಲು ಧೈರ್ಯ ಬೇಕಾಗಿತ್ತು.

ಇಷ್ಟೊಂದು ಕರುಣೆಯಿದ್ದವರ ಲೇಖನಿಯಿಂದಲೇ ಮುಂದಿನ ಅನರ್ಥಕ್ಕೆ ಬೀಜ ಬಿದ್ದುದು ವಿಷಾದದ ಸಂಗತಿ. 1943ರ ಪ್ರಬಂಧದಲ್ಲಿಯೇ ಅವರು ಆ ಮಕ್ಕಳ ತಂದೆತಾಯಿಗಳನ್ನು ಕುರಿತು, ಅವರು ಬುದ್ಧಿವಂತರು, ಆದರೆ ಅವರಲ್ಲಿ ಹೃದಯದ ಬಿಸುಪು ಕಡಿಮೆ ಎಂಬರ್ಥದ ಮಾತನ್ನು ಸೇರಿಸಿದ್ದರು. 1949ರ ಲೇಖನದಲ್ಲಿ ಈ ಮಾತು ಮತ್ತಷ್ಟು ಗಡುಸಾಗಿ, ಮಕ್ಕಳು ಶೀತಲಪೆಟ್ಟಿಗೆಯಲ್ಲಿ ಇರಿಸಲ್ಪಟ್ಟವರಂತೆ ಬೆಳೆದರೆಂಬ ಹೋಲಿಕೆಯ ರೂಪ ತಾಳಿತು. 1941ರಲ್ಲಿ ತಾಯಂದಿರನ್ನು ಅನಗತ್ಯವಾಗಿ ಹೆದರಿಸುವ ತಜ್ಞರ ವಿರುದ್ಧ ತಾಯಂದಿರ ಪರವಾಗಿಯೇ ಒಂದು ಪುಸ್ತಕ ಬರೆದವರು ಇವರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಪತ್ರಿಕೆಗಳು ಈ ಹೋಲಿಕೆಯನ್ನು ಎತ್ತಿಕೊಂಡವು. ಅಂದು ಪ್ರಬಲವಾಗಿದ್ದ ಮನೋವಿಶ್ಲೇಷಣ ಪಂಥದವರು ಅದಕ್ಕೆ ಸಿದ್ಧಾಂತದ ವೇಷ ತೊಡಿಸಿದರು. ಷಿಕಾಗೋದಲ್ಲಿ ಮಕ್ಕಳ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮರು 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಗುವಿನ ಸ್ಥಿತಿಗೆ ತಂದೆತಾಯಿಗಳ ಮನೋಭಾವವೇ ಕಾರಣವೆಂದು ಪ್ರತಿಪಾದಿಸಿದರು. ಪರಿಣಾಮವಾಗಿ ಮಗುವಿಗೆ ಮಾತು ಕಲಿಸುವುದನ್ನು ಬಿಟ್ಟು ತಾಯಿಯ ಮನಸ್ಸನ್ನು ವಿಚಾರಣೆಗೆ ಒಳಪಡಿಸುವ ಕ್ರಮ ಬೆಳೆಯಿತು. ರಾತ್ರಿಯಿಡೀ ನಿದ್ದೆಗೆಟ್ಟು ಮಗುವನ್ನು ಸಾಕುತ್ತಿದ್ದ ತಾಯಿ, ವೈದ್ಯರ ಮುಂದೆ ಅಪರಾಧಿಯಂತೆ ನಿಲ್ಲಬೇಕಾಯಿತು.

ಈ ತಪ್ಪು ನಡೆದ ಬಗೆಯನ್ನು ವಿವೇಚಿಸುವುದು ಅಗತ್ಯ. ಕ್ಯಾನರರು ಕಂಡ ಕುಟುಂಬಗಳಲ್ಲಿ ಹೆಚ್ಚಿನವು ಸುಶಿಕ್ಷಿತ ಮನೆತನಗಳು. ನೂರಾರು ಮೈಲಿ ಪ್ರಯಾಣ ಮಾಡಿ ಬಾಲ್ಟಿಮೋರಿನ ಹೆಸರಾಂತ ವೈದ್ಯರನ್ನು ಕಾಣಲು ಶಕ್ತರಾದವರು, ಮಗುವಿನ ವಿಷಯವಾಗಿ 33 ಪುಟಗಳ ಪತ್ರ ಬರೆಯಬಲ್ಲವರು ಅಂಥವರೇ ತಾನೆ? ಬಡವರ ಮಕ್ಕಳು ಬುದ್ಧಿಹೀನರೆಂಬ ಮುದ್ರೆಯೊಂದಿಗೆ ಊರಿನಲ್ಲಿಯೇ ಉಳಿದರು. ಬಾಗಿಲಿಗೆ ಬಂದವರ ಗುಣವನ್ನೇ ರೋಗದ ಗುಣವೆಂದು ಭ್ರಮಿಸಿದಂತಾಯಿತು. ಮಗುವಿನ ಅಸಾಧಾರಣ ವರ್ತನೆಯಿಂದ ಬಳಲಿ, ದಿಕ್ಕುಗಾಣದೆ ಮೌನಿಗಳಾದ ತಂದೆತಾಯಿಗಳ ಬಳಲಿಕೆಯನ್ನೇ ಕಾರಣವೆಂದು ಭಾವಿಸಿದ್ದು ಎರಡನೆಯ ತಪ್ಪು.

ಇದನ್ನು ತಿದ್ದಿದವರು ತಂದೆತಾಯಿಗಳೇ. ಅಮೆರಿಕದ ನೌಕಾದಳದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್‌ಲಂಡರ ಮಗನಿಗೆ ಸ್ವಲೀನತೆಯಿತ್ತು. ದೊರೆತ ಪ್ರಬಂಧಗಳನ್ನೆಲ್ಲ ಪರಿಶೀಲಿಸಿ, ತಾಯಿಯ ದೋಷವೆಂಬುದಕ್ಕೆ ಆಧಾರವಿಲ್ಲವೆಂದೂ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದೆಂದೂ ಅವರು 1964ರಲ್ಲಿ ಒಂದು ಗ್ರಂಥ ಬರೆದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರರು. ರಿಮ್‌ಲಂಡರೂ ಇತರ ಪೋಷಕರೂ ಸೇರಿ 1965ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಘದ 1969ರ ಸಮ್ಮೇಳನ ವಾಷಿಂಗ್‌ಟನ್ ನಗರದಲ್ಲಿ ಸೇರಿತ್ತು. ಎಪ್ಪತ್ತೈದರ ವೃದ್ಧರಾದ ಕ್ಯಾನರರು ಅಲ್ಲಿ ಎದ್ದು ನಿಂತು, ಪೋಷಕರನ್ನು ಈ ಆರೋಪದಿಂದ ಮುಕ್ತಗೊಳಿಸುತ್ತಿರುವುದಾಗಿ ಬಹಿರಂಗವಾಗಿ ಘೋಷಿಸಿದರು. ನೆರೆದ ತಂದೆತಾಯಿಗಳು ಎದ್ದು ನಿಂತು ಕರತಾಡನ ಮಾಡಿದರು. ತಾವು ಮೊದಲಿನಿಂದಲೂ ಇದನ್ನು ಹುಟ್ಟಿನಿಂದ ಬಂದುದೆಂದೇ ಹೇಳಿದ್ದಾಗಿಯೂ ತಮ್ಮ ಮಾತನ್ನು ಜನರು ತಪ್ಪಾಗಿ ತಿಳಿದರೆಂದೂ ಅವರು ಹೇಳಿಕೊಂಡರು. 1949ರ ಬರಹವನ್ನು ಓದಿದವರಿಗೆ ಈ ಸಮರ್ಥನೆ ಪೂರ್ತಿಯಾಗಿ ಒಪ್ಪಿಗೆಯಾಗಲಾರದು. ಆದರೂ ಶಾಸ್ತ್ರದ ಸ್ಥಾಪಕರೇ ಆ ಮಾತನ್ನು ಆಡಿದುದರಿಂದ ಅಸಂಖ್ಯಾತ ತಾಯಂದಿರ ಎದೆಯ ಭಾರ ಇಳಿಯಿತೆಂಬುದು ನಿಜ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರರು ಇಂಗ್ಲೆಂಡಿನಲ್ಲಿ 21 ಅವಳಿ ಜೋಡಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವು ಇದರಲ್ಲಿ ವಂಶವಾಹಿಗಳ ಪಾತ್ರ ಪ್ರಧಾನವೆಂಬುದನ್ನು ತೋರಿಸಿತು. ಏಕರೂಪದ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಸ್ವಲೀನತೆಯಿತ್ತು. ಭಿನ್ನರೂಪದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ.

1959ರಲ್ಲಿ ನಿವೃತ್ತರಾದ ಮೇಲೂ ಕ್ಯಾನರರು ತಮ್ಮ ಮೊದಲ ಹನ್ನೊಂದು ಮಕ್ಕಳನ್ನು ಮರೆಯಲಿಲ್ಲ. ಅವರು ಏನಾದರೆಂಬುದನ್ನು ವಿಚಾರಿಸಿ 1971ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ದೊಡ್ಡ ದೊಡ್ಡ ಸರ್ಕಾರಿ ಸಂಸ್ಥೆಗಳಿಗೆ ಸೇರಿಸಲ್ಪಟ್ಟವರು ಇದ್ದ ಶಕ್ತಿಯನ್ನೂ ಕಳೆದುಕೊಂಡು ಬರಿದಾಗಿದ್ದರು. ಆ ಪ್ರವೇಶವು ಆಜೀವ ಶಿಕ್ಷೆಗೆ ಸಮಾನವಾಯಿತೆಂದು ಅವರು ನೊಂದು ಬರೆದರು. ಡೊನಾಲ್ಡನ ಕಥೆ ಬೇರೆಯಾಗಿತ್ತು. 1942ರಲ್ಲಿ ಅವನನ್ನು ಊರಿನಿಂದ ಹತ್ತು ಮೈಲಿ ದೂರದ ಒಬ್ಬ ರೈತ ದಂಪತಿಗಳಲ್ಲಿ ಬಿಡಲಾಗಿತ್ತು. ಅವರು ಮನಶ್ಶಾಸ್ತ್ರವನ್ನು ಓದಿದವರಲ್ಲ. ಹುಡುಗನಿಗೆ ಅಳೆಯುವ ಗೀಳಿದ್ದುದನ್ನು ಕಂಡು ಬಾವಿ ತೋಡಲು ಹಚ್ಚಿ ಅದರ ಆಳವನ್ನು ಅಳೆದು ಹೇಳುವ ಕೆಲಸ ಕೊಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇದ್ದವನಿಗೆ ನೇಗಿಲು ಕೊಟ್ಟು, ಉಳುತ್ತ ಎಣಿಸೆಂದರು. ಸತ್ತ ಹಕ್ಕಿಗಳನ್ನು ಕೂಡಿಸುತ್ತಿದ್ದವನಿಗೆ ಹಿತ್ತಿಲಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಟ್ಟು ಹೂಳಿಸಿದರು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರರು, ಹುಡುಗನು ಕುದುರೆ ಹೂಡಿ ನೇರವಾಗಿ ಸಾಲು ಹೊಡೆಯುತ್ತಿದ್ದುದನ್ನು ಕಣ್ಣಾರೆ ಕಂಡರು. ಅಲ್ಲಿಯ ಹಳ್ಳಿಯ ಶಾಲೆಯವರು ಅವನ ವಿಚಿತ್ರ ನಡವಳಿಕೆಗಳನ್ನು ಸಹಜವೆಂಬಂತೆ ಒಪ್ಪಿಕೊಂಡಿದ್ದರು. ಓದಿನಲ್ಲಿ ಅವನು ಚೆನ್ನಾಗಿ ಮುಂದುವರಿದಿದ್ದನು. ಡೊನಾಲ್ಡ್ ಮುಂದೆ ಕಾಲೇಜು ವ್ಯಾಸಂಗ ಮಾಡಿ 1958ರಲ್ಲಿ ಪದವೀಧರರಾದರು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ದೇಶವಿದೇಶಗಳನ್ನು ಸುತ್ತಿದರು, 2023ರಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕುಟುಂಬಕ್ಕೆ ಸಂಪತ್ತಿನ ಬಲವಿದ್ದುದೂ ನಿಜ. ಆದರೆ ಆ ರೈತ ದಂಪತಿಗಳೂ ಹಳ್ಳಿಯ ಉಪಾಧ್ಯಾಯರೂ ಕೊಟ್ಟದ್ದು ಹಣದಿಂದ ಕೊಳ್ಳುವಂಥದಾಗಿರಲಿಲ್ಲ.

ಡಾ. ಲಿಯೊ ಕ್ಯಾನರರು 1981ರ ಏಪ್ರಿಲ್ 3ರಂದು ಮೇರಿಲ್ಯಾಂಡ್ ರಾಜ್ಯದಲ್ಲಿ ನಿಧನರಾದರು. ಹಿಂದಿನ ವರ್ಷವಷ್ಟೇ ಅಮೆರಿಕದ ಮನೋವೈದ್ಯರ ಅಧಿಕೃತ ರೋಗಸೂಚಿಯಲ್ಲಿ ಶೈಶವದ ಸ್ವಲೀನತೆಗೆ ಪ್ರತ್ಯೇಕ ಸ್ಥಾನ ದೊರಕಿತ್ತು.

ಅವರು ಕಂಡದ್ದಕ್ಕಿಂತ ಈ ಸ್ಥಿತಿಯ ವ್ಯಾಪ್ತಿ ಬಹಳ ವಿಶಾಲವೆಂಬುದು ತರುವಾಯ ತಿಳಿದುಬಂದಿದೆ. ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜೂಡಿತ್ ಗೌಲ್ಡರು 1979ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ದಾರಿ ಮಾಡಿತು. ಕೆಲವರಲ್ಲಿ ಮಾತೇ ಇಲ್ಲದಷ್ಟು ತೀವ್ರವಾಗಿ, ಕೆಲವರಲ್ಲಿ ಪಾಂಡಿತ್ಯದೊಡನೆ ಬೆರೆತು, ಬಣ್ಣಗಳ ಪಟ್ಟಿಯಂತೆ ನಾನಾ ಛಾಯೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಬಡವ ಬಲ್ಲಿದ, ಹಳ್ಳಿ ಪಟ್ಟಣ ಎಂಬ ಭೇದ ಇದಕ್ಕಿಲ್ಲ. ಹೆಣ್ಣುಮಕ್ಕಳಲ್ಲಿ ಲಕ್ಷಣಗಳು ಮರೆಯಾಗಿದ್ದು, ಕೇವಲ ನಾಚಿಕೆಯ ಸ್ವಭಾವವೆಂದು ತಿಳಿಯಲ್ಪಡುವುದುಂಟು. ಇದನ್ನು ಬೇಗನೆ ಗುರುತಿಸುವ ವಿಧಾನವೂ ಮುಂದುವರಿದಿದೆ. ಎರಡು ವರ್ಷದ ಹೊತ್ತಿಗೆ ಅನುಭವಿ ತಜ್ಞರು ಬಹುಮಟ್ಟಿಗೆ ನಿಶ್ಚಯವಾಗಿ ಹೇಳಬಲ್ಲರು.

ಮನೆಯವರೂ ಅಂಗನವಾಡಿಯ ಹಾಗೂ ಶಿಶುವಿಹಾರದ ಉಪಾಧ್ಯಾಯಿನಿಯರೂ ಗಮನಿಸಬೇಕಾದ ಸಂಗತಿಗಳು ಸರಳವಾದವು. ವರ್ಷ ತುಂಬುವ ವೇಳೆಗೆ ಮಗು ತನ್ನ ಹೆಸರಿಗೆ ಓಗೊಡುತ್ತದೆಯೆ? ಟಾಟಾ ಮಾಡುವುದು, ಎತ್ತಿಕೊಳ್ಳೆಂದು ಕೈ ಚಾಚುವುದು ಮುಂತಾದ ಸನ್ನೆಗಳು ಬಂದಿವೆಯೆ? ಒಂದೂವರೆ ವರ್ಷದ ಹೊತ್ತಿಗೆ ಚಂದಿರನನ್ನೋ ಕಾಗೆಯನ್ನೋ ಬೆರಳಿನಿಂದ ತೋರಿಸಿ, ನೀವೂ ನೋಡಿದಿರೋ ಇಲ್ಲವೋ ಎಂದು ನಿಮ್ಮ ಮುಖವನ್ನು ನೋಡುತ್ತದೆಯೆ? ಬರಿಯ ಲೋಟದಿಂದ ಹಾಲು ಕುಡಿದಂತೆ ನಟಿಸುವ ಆಟ ಉಂಟೆ? ಎರಡು ವರ್ಷಕ್ಕೆ ತನ್ನದೇ ಆದ ಎರಡು ಪದಗಳನ್ನು ಜೋಡಿಸಿ ಹೇಳುತ್ತದೆಯೆ? ಬಂದಿದ್ದ ಮಾತು ಅಥವಾ ನಗು ಯಾವ ವಯಸ್ಸಿನಲ್ಲಿಯಾಗಲಿ ನಿಂತುಹೋದರೆ ಒಡನೆಯೇ ವೈದ್ಯರಿಗೆ ತೋರಿಸಬೇಕು. ಯಾವುದೋ ಒಂದು ಲಕ್ಷಣ ಕಂಡಮಾತ್ರಕ್ಕೆ ಸ್ವಲೀನತೆಯೆಂದು ನಿರ್ಧರಿಸುವುದು ಸಲ್ಲದು. ಮೊದಲು ಶ್ರವಣ ಪರೀಕ್ಷೆಯಾಗಬೇಕು, ನಿರ್ಣಯ ತಜ್ಞರದಾಗಬೇಕು. ಆದರೆ ದೊಡ್ಡವನಾದಾಗ ಸರಿಹೋಗುತ್ತಾನೆಂದು ವರ್ಷಗಟ್ಟಲೆ ಕಾಯುವುದೂ ಸಲ್ಲದು. ಮಾತು, ಆಟ, ದಿನಚರಿಗಳ ತರಬೇತಿ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ನಮ್ಮ ರಾಜ್ಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಪರೀಕ್ಷೆ ಮತ್ತು ಮಾರ್ಗದರ್ಶನಗಳಿಗೆ ಅವಕಾಶವಿದೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನೂ ಒಳಗೊಂಡಿದ್ದು, ಇಂಥ ಮಕ್ಕಳಿಗೆ ಇತರರೊಡನೆ ಕೂಡಿ ಕಲಿಯುವ ಹಕ್ಕನ್ನು ಮಾನ್ಯ ಮಾಡಿದೆ.

ಕ್ಯಾನರರ ಜೀವನದಿಂದ ಉಪಾಧ್ಯಾಯರು ತಿಳಿಯಬೇಕಾದುದು ಎರಡು ಮಾತು. ಮಗುವನ್ನು ತಾಳ್ಮೆಯಿಂದ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಡುವವರೆಗೆ ಅವರು ತಪ್ಪಲಿಲ್ಲ. ಕಾಣದ ಕಾರಣವನ್ನು ತಂದೆತಾಯಿಗಳ ಮೇಲೆ ಹೊರಿಸಿದಾಗ ತಪ್ಪಿದರು. ಆದುದರಿಂದ ತರಗತಿಯಲ್ಲಿ ಭಿನ್ನವಾಗಿ ತೋರುವ ಮಗುವಿನ ವಿಷಯವನ್ನು ತಾಯಿಗೆ ತಿಳಿಸುವಾಗ, ಆಕೆಯ ಸಾಕಣೆಯನ್ನು ಪ್ರಶ್ನಿಸದೆ, ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನಷ್ಟೇ ಹೇಳಬೇಕು. ವಿದ್ಯಾಸಂಸ್ಥೆಗಳಿಗೆ ನೆರವಾಗುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕಟ್ಟಡಗಳೊಂದಿಗೆ ಇಂಥ ಮಕ್ಕಳ ಅಗತ್ಯಗಳ ಕಡೆಗೂ ಲಕ್ಷ್ಯ ಕೊಡುವುದು ಉಚಿತ. ತರಬೇತಿ ಪಡೆದ ಒಬ್ಬ ಉಪಾಧ್ಯಾಯರು, ಗದ್ದಲವಿಲ್ಲದ ಒಂದು ಕೊಠಡಿ, ವರ್ಷಕ್ಕೊಮ್ಮೆಯಾದರೂ ತಜ್ಞರಿಂದ ಎಳೆಯ ಮಕ್ಕಳ ತಪಾಸಣೆ ಇವಿಷ್ಟು ಒದಗಿದರೂ ಮೂಲೆಯಲ್ಲಿ ಕುಳಿತ ಮಗುವಿಗೆ ಶಾಲೆಯ ಬಾಗಿಲು ನಿಜವಾಗಿ ತೆರೆದಂತಾಗುತ್ತದೆ.